ಕಾಲಿನ ಓಟು

ಬೂಟಣ್ಣ ಆ ಮಾತನ್ನು ಬರೀ ಉಪಚಾರಕ್ಕೆ ಆಡಿದ್ದ. ಅಪ್ಪನ ಎರಡು ಚಪ್ಪಲಿ ಅಂಗಡಿಗಳನ್ನು ಅಣ್ಣ ತಮ್ಮ ಹಂಚಿಕೊಳ್ಳಲು ಕೂತ ದಿನ, ನೆಂಟರೆಲ್ಲ ಸುತ್ತ ನೆರೆದಿದ್ದಾಗ, ದೊಡ್ಡ ಮನಸ್ಸು ತೋರಿಸೋಣವೆಂದು, “ಮೂಲೆ ಅಂಗಡಿ ನೀನೇ ಇಟ್ಕೊಳ್ಳೋ, ಹೊಸದಾಗಿ ಸಂಸಾರ ಹೂಡಿದೀಯ” ಎಂದಿದ್ದ. ತಮ್ಮ ಆಗ ಏನನ್ನಬೇಕಿತ್ತು? “ಛೆ ಛೆ, ಹಿರಿಯ ನೀನಿರುವಾಗ ನಾನಾ? ನೀನೇ ಇಟ್ಕೊಳಣ್ಣ” ಎನ್ನಬೇಕಿತ್ತು. ಬೂಟಣ್ಣ ಇನ್ನೊಮ್ಮೆ ಬೇಡವೆನ್ನಬೇಕಿತ್ತು, ತಮ್ಮ ಇನ್ನೊಮ್ಮೆ ಒತ್ತಾಯ ಮಾಡಬೇಕಿತ್ತು, ಕೊನೆಗೆ ನೆಂಟರ ಮುಖ ನೋಡಿ ಬೂಟಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳಬೇಕಿತ್ತು. ಮರ್ಯಾದಸ್ಥರ ಮನೆಯಲ್ಲಿ ನಡೆಯುವುದು ಹಾಗೆ. ಆದರೆ ಆ ಪುಣ್ಯಾತ್ಮ “ಆಯ್ತಣ್ಣ” ಎಂದು ಬೀಗದ ಕೈ ಜೇಬಿಗಿಳಿಸಿ ಎದ್ದೇಬಿಟ್ಟ.

ಅಂದಿನಿಂದ ಮಾತು ಬಂದ್. ಬಡಾವಣೆಯವರು ಇಬ್ಬರನ್ನೂ ದೊಡ್ಡ ಬೂಟಣ್ಣ, ಚಿಕ್ಕ ಬೂಟಣ್ಣ ಎಂದು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರೂ ದೊಡ್ಡವನು ಚಿಕ್ಕವನ ಹೊಸ್ತಿಲು ತುಳಿಯಲಿಲ್ಲ. ತಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಮಕ್ಕಳಿಲ್ಲದ ಬೂಟಣ್ಣ ಆ ಸುದ್ದಿ ಕೇಳಿದ ದಿನ ಗೋದಾಮಿನಲ್ಲಿ ಹುಡುಕಿ, ತಳದಲ್ಲಿ ಬಾತುಕೋಳಿಯ ಅಚ್ಚು ಇದ್ದ ಒಂದು ಜೊತೆ ಪುಟಾಣಿ ಬೂಟು ತೆಗೆದು, ಬಣ್ಣದ ಕಾಗದ ಸುತ್ತಿ, ತಮ್ಮನ ಮನೆ ಬಾಗಿಲವರೆಗೂ ಹೋಗಿ, “ನಾನ್ಯಾಕೆ ಮೊದಲು ಹೋಗ್ಲಿ?” ಎಂದು ವಾಪಸ್ ಬಂದು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದ. ಅದು ಅಲ್ಲೇ ಉಳಿಯಿತು.

ಹೆಂಡತಿ ಮಾತ್ರ ಕದ್ದುಮುಚ್ಚಿ ಹೋಗಿಬರುತ್ತಿದ್ದಳು. ಬಂದವಳು ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ.

“ಪುಟ್ಟಿ ನಡೀತಾಳೆ ರೀ ಈಗ! ಒಂದ್ಸಲ ಬಂದು ನೋಡಬಾರ್ದಾ? ಆ ಹೆಜ್ಜೆ ಇಡೋ ಚೆಂದ ನೋಡಿದ್ರೆ ನಿಮ್ಮ ಸಿಟ್ಟೆಲ್ಲ ಹಾರಿಹೋಗತ್ತೆ.”

“ನಾನು ನೋಡದೇ ಇರೋ ಕಾಲಾ?” ಎನ್ನುತ್ತಿದ್ದ ಬೂಟಣ್ಣ. “ಹುಟ್ಟಿದಾಗಿಂದ ಕಾಲು ನೋಡ್ಕೊಂಡೇ ಅನ್ನ ತಿಂದಿರೋನು ನಾನು.”

ಅದೇನೋ ನಿಜವೇ. ಪಾದ ನೋಡಿದರೆ ಸಾಕು, ಅಳತೆ ಪಟ್ಟಿ ಮುಟ್ಟದೆ ನಂಬರ್ ಹೇಳುತ್ತಿದ್ದ. ಮೂಲೆ ಅಂಗಡಿಗೆ ಬೀಳುತ್ತಿದ್ದ ಜನ ತನ್ನ ಅಂಗಡಿಗೆ ಬೀಳದಿದ್ದಾಗಲೂ ಆ ವಿದ್ಯೆಯ ಮೇಲಿನ ಹೆಮ್ಮೆ ಅವನಿಗೆ ಇಳಿದಿರಲಿಲ್ಲ. ಜನ ಬೀಳುತ್ತಿರಲಿಲ್ಲ, ಅದು ಮಾತ್ರ ಹಗಲಿನಷ್ಟು ಸ್ಪಷ್ಟ. ಹೀಗೇ ಹೋದರೆ ಇನ್ನೊಂದು ಮಳೆಗಾಲದ ಹೊತ್ತಿಗೆ ಶಟರ್ ಎಳೆಯಬೇಕು ಎಂಬುದು ಬೂಟಣ್ಣನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಅಂಥ ಹೊತ್ತಿನಲ್ಲಿ ನಗರಸಭೆ ಹಿತ್ತಲಿನ ಜಾಗಕ್ಕೆ ಕೈಹಾಕಿತು. ಎರಡೂ ಅಂಗಡಿಗಳ ಹಿಂದೆ, ಮುಚ್ಚಿಹೋದ ದಾರದ ಕಾರ್ಖಾನೆಯ ದೊಡ್ಡ ಮೈದಾನ. ಅದರ ಆಚೆಗೆ ಬಡಾವಣೆಯ ಮನೆಗಳು, ಈಚೆಗೆ ಪೇಟೆ ಬೀದಿ. ಮೈದಾನವನ್ನು ಉದ್ಯಾನ ಮಾಡಿ, ಮನೆಗಳಿಂದ ಪೇಟೆಗೆ ದೀಪ, ನೆರಳು, ಬೆಂಚುಗಳಿರುವ ಒಂದು ಕಲ್ಲುಹಾಸಿನ ದಾರಿ ಮಾಡುವುದೆಂದು ತೀರ್ಮಾನವಾಯಿತು. ದಾರಿ ಪೇಟೆಗೆ ಬಂದು ಸೇರಲು ಎರಡು ಸಂದಿಗಳಿದ್ದವು. ಒಂದು ಬೂಟಣ್ಣನ ಅಂಗಡಿಯ ಪಕ್ಕ, ಇನ್ನೊಂದು ತಮ್ಮನ ಅಂಗಡಿಯ ಪಕ್ಕ. ಒಂದರಲ್ಲಿ ದಾರಿ ಬರುತ್ತದೆ, ಇನ್ನೊಂದಕ್ಕೆ ಗೋಡೆ ಏಳುತ್ತದೆ. ಇಡೀ ಬಡಾವಣೆಯ ಕಾಲುಗಳು ದಿನಾ ತನ್ನ ಅಂಗಡಿಯ ಮುಂದೆ! ಬೂಟಣ್ಣನಿಗೆ ಆ ಯೋಚನೆಯಿಂದಲೇ ತಲೆ ತಿರುಗಿತು.

ಯಾವ ಸಂದಿ ಎಂದು ಕೇಳಲು ಕರೆದ ಮೊದಲ ಸಭೆಯಲ್ಲಿ ಕುರ್ಚಿಗಳು ಹಾರಾಡಿದವು. ಎರಡನೆಯದರಲ್ಲಿ ನಗರಸಭೆಯ ಎಂಜಿನಿಯರ್ ನಕ್ಷೆಯನ್ನು ತಲೆಗೆ ಗುರಾಣಿ ಮಾಡಿಕೊಂಡು ಹೊರಗೆ ಓಡಿದ. ಆಮೇಲೆ ನಗರ ಯೋಜನೆ ಕಲಿಸುವ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಸಣ್ಣಗೆ, ಕನ್ನಡಕ ಹಾಕಿಕೊಂಡು, ಎಲ್ಲರ ಕೂಗಾಟ ಮುಗಿಯುವವರೆಗೆ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದು, ಕಡೆಗೆ ಎದ್ದು ನಿಂತರು.

“ಬಾಯಿಗೆ ರಜೆ ಕೊಡೋಣ. ಕಾಲಿಗೆ ಓಟು ಕೊಡೋಣ” ಎಂದರು. “ಎರಡೂ ಸಂದಿಗಳ ಕಡೆಗೆ ನುಣ್ಣನೆ ಮಣ್ಣು ಹಾಸ್ತೀವಿ. ನೀವು ದಿನಾ ಹೇಗೆ ಓಡಾಡ್ತೀರೋ ಹಾಗೇ ಓಡಾಡಿ. ಯಾವ ಕಡೆ ಹೆಜ್ಜೆ ಜಾಸ್ತಿಯೋ ಆ ಕಡೆ ದಾರಿ.”

ಮಣ್ಣು ಹಾಸುವುದು, ಬೆಳಿಗ್ಗೆ ನೀರು ಚಿಮುಕಿಸಿ ರೋಲರ್ ಹೊಡೆಯುವುದು ನಗರಸಭೆಯ ಕೆಲಸ. ಸಂಜೆ ಹೆಜ್ಜೆಗಳನ್ನು ಎಣಿಸುವುದು ಕಾಲೇಜಿನವರ ಕೆಲಸ. ಎಲ್ಲ ನೆಟ್ಟಗಿದೆಯೇ ಎಂದು ನೋಡುವುದು ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರ ಕೆಲಸ. ಹೊರಡುವ ಮುಂಚೆ ಮೇಡಂ ಎರಡು ಷರತ್ತು ಹೇಳಿದರು. ಮಕ್ಕಳು ನಂಬಿ ನಡೆಯುವ ದಾರಿ ಎಲ್ಲರಿಗೂ ಒಳ್ಳೆಯ ದಾರಿ, ಆದ್ದರಿಂದ ಮಕ್ಕಳ ಹೆಜ್ಜೆಗೆ ಎರಡು ಪಟ್ಟು ಲೆಕ್ಕ. ಮತ್ತೆ, ಯಾವ ಕಡೆಯವರಾದರೂ ಹೆಜ್ಜೆಯಲ್ಲಿ ಮೋಸ ಮಾಡಿದರೆ ಆ ಕಡೆಯ ಸಂದಿಗೆ ಮಾರನೇ ದಿನವೇ ಗೋಡೆ.

ಎರಡನೇ ಷರತ್ತು ಬೂಟಣ್ಣನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಮೊದಲನೆಯದು ಒಳಗೇ ಕೂತು ಕುಣಿಯತೊಡಗಿತು. ಹೆಜ್ಜೆಗೆ ಬೇಕಾದ್ದು ಏನು? ಬೂಟು. ಬಡಾವಣೆಯಲ್ಲಿ ಅತ್ತೆ, ಸೊಸೆ, ಗುಮಾಸ್ತ, ಗಾರೆ ಕೆಲಸದವ, ಸ್ಕೂಲಿನ ಹುಡುಗ, ಎಲ್ಲರ ಬೂಟೂ ಚಪ್ಪಲಿಯೂ ಯಾರ ಹತ್ತಿರ ಇವೆ? ಒಬ್ಬನೇ ಒಬ್ಬ ಮನುಷ್ಯ ತನ್ನ ಕಪಾಟುಗಳನ್ನು ತೆರೆದರೆ ಒಂದು ಇಡೀ ಜಾತ್ರೆಯನ್ನೇ ನಡೆಸಿಬಿಡಬಹುದು. ಬೂಟಣ್ಣ ಗಲ್ಲಾದ ಹಿಂದೆ ಕೂತು ಒಬ್ಬನೇ ನಕ್ಕ. ಆಮೇಲೆ ಯಾರಾದರೂ ನೋಡಿದರೇ ಎಂದು ಕೆಮ್ಮಿದ.

ಅವನ ಯೋಜನೆಯಲ್ಲಿ ಮಧ್ಯಾಹ್ನವೇ ಮುಖ್ಯ. ಕಳ್ಳತನ ಕತ್ತಲಲ್ಲಿ ಮಾಡುವವರು ದಡ್ಡರು, ಕತ್ತಲಲ್ಲಿ ಕಂಡವನನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಊಟ ಮುಗಿದು ಮನೆಮನೆಯ ಬಾಗಿಲು ಹಾಕಿ ಜನ ಉರುಳಿಕೊಂಡ ಮೇಲೆ, ಸುಡುಬಿಸಿಲಿನಲ್ಲಿ, ಮೈದಾನ ಬಿಕೋ ಎನ್ನುವಾಗ, ಒಬ್ಬ ಪಾಪದ ಮನುಷ್ಯ ಅಲ್ಲಿ ಅಡ್ಡಾಡಿದರೆ ಯಾರಿಗೇನು? ಅವನು ಪಾಪದವನಾಗಿರಬೇಕು, ಅಷ್ಟೆ. ಅದಕ್ಕೆ ಬೂಟಣ್ಣ ಮಂಡಿನೋವು ಬರಿಸಿಕೊಂಡ. ಒಂದು ಬೆಳಿಗ್ಗೆ “ಅಯ್ಯಮ್ಮಾ” ಎಂದು ಹಾಸಿಗೆಯಿಂದ ಎದ್ದ, ಸಂಜೆಯೊಳಗೆ ಎರಡು ಊರುಗೋಲು ತಂದ.

ಆ ಊರುಗೋಲುಗಳೇ ಇಡೀ ಯೋಜನೆಯ ಪ್ರಾಣ. ಅವುಗಳ ತುದಿಗೆ ಒಂದೊಂದು ಮರದ ಪಾದ ತಿರುಪು ಹಾಕಿ ಕೂರಿಸಿದ, ಬೂಟು ಹೊಲಿಯುವವರು ಆಕಾರಕ್ಕೆ ಇಟ್ಟುಕೊಳ್ಳುವಂಥದ್ದು. ಅದಕ್ಕೆ ಶಾಲೆಯ ಬೂಟಿನಿಂದ ಹಿಡಿದು ದೊಡ್ಡವರ ಬೂಟಿನವರೆಗೆ ಯಾವುದು ಬೇಕಾದರೂ ಏರಿಸಬಹುದು. ಎಡ ಬೂಟಿನ ಕೋಲು, ಬಲ ಬೂಟಿನ ಕೋಲು, ಎರಡನ್ನೂ ಒಂದೇ ಮಗ್ಗುಲಿಗೆ ಹಿಡಿದು, ತಾನು ಒಂದು ಹೆಜ್ಜೆ ಇಟ್ಟಾಗ ಒಂದು ಕೋಲು, ಇನ್ನೊಂದು ಹೆಜ್ಜೆಗೆ ಇನ್ನೊಂದು ಕೋಲು. ಹೋಗುವಾಗ ತನ್ನ ಕಾಲಿಗೆ ದೊಡ್ಡವರ ಚರ್ಮದ ಬೂಟು, ಕೋಲುಗಳಿಗೆ ಶಾಲೆಯ ಬೂಟು, ಅಪ್ಪ ಮಗ ಜೊತೆಯಾಗಿ ಹೋದ ಹಾಗೆ. ಬರುವಾಗ ಕಾಲಿಗೆ ಹವಾಯಿ ಚಪ್ಪಲಿ, ಕೋಲುಗಳಿಗೆ ಹೆಂಗಸರ ಸ್ಯಾಂಡಲ್, ಗಂಡ ಹೆಂಡತಿ ಪೇಟೆ ಮುಗಿಸಿ ಬಂದ ಹಾಗೆ. ಎಡ ಬಲ ತಪ್ಪಬಾರದೆಂದು ಗೋದಾಮಿನಲ್ಲಿ ಹಿಟ್ಟು ಚೆಲ್ಲಿ ಅಭ್ಯಾಸ ಮಾಡಿದ. ಹೆಂಡತಿ ನೋಡಿ, “ಇದೇನ್ರೀ ಹಿಟ್ಟು?” ಎಂದರೆ, “ಇರುವೆ ಹೋಗ್ಲಿ ಅಂತ” ಎಂದ. ಹಿಟ್ಟಿಗೆ ಇರುವೆ ಹೋಗುತ್ತದೋ ಬರುತ್ತದೋ ಎಂದು ಕೇಳದೆ ಅವಳು ತಲೆ ಚಚ್ಚಿಕೊಂಡು ಹೋದಳು.

ಮೊದಲ ಮಧ್ಯಾಹ್ನ ಎದೆ ಡವಡವ ಹೊಡೆದುಕೊಂಡಿತು. ಎರಡನೇ ಮಧ್ಯಾಹ್ನ ಸ್ವಲ್ಪ ಕಡಿಮೆ. ಆಮೇಲಾಮೇಲೆ ಅದು ಎಷ್ಟು ಮಜವಾಗತೊಡಗಿತೆಂದರೆ, ಊಟಕ್ಕೆ ಕೂತವನು ಬೇಗ ಬೇಗ ನುಂಗಿ ಏಳುತ್ತಿದ್ದ. ಪ್ರತಿ ಸಲವೂ ಒಂದು ಹೊಸ ಸಂಸಾರ ಕಟ್ಟುತ್ತಿದ್ದ. ಈ ದಿನ ಇಬ್ಬರು ವಾರಗಿತ್ತಿಯರು, ನಾಳೆ ಮಾವ ಅಳಿಯ, ನಾಡಿದ್ದು ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗ. ಕೆಲವೊಮ್ಮೆ ಅವರ ಮಾತುಗಳನ್ನೂ ತಾನೇ ಗೊಣಗಿಕೊಳ್ಳುತ್ತಿದ್ದ. ಮಾವ ಅಳಿಯನಿಗೆ ಒಂದು ದಿನ ಜಗಳವೇ ಆಗಿಹೋಯಿತು.

ಒಂದೇ ಒಂದು ಸಲ ಸಿಕ್ಕಿಬಿದ್ದ. ನಿದ್ದೆ ಬಾರದ ಮೇಷ್ಟ್ರು ಕೊಡೆ ಹಿಡಿದುಕೊಂಡು ಎದುರಿಗೇ ಬಂದರು.

“ಏನಪ್ಪಾ ಇದು? ಕೋಲಿಗೂ ಬೂಟಾ?”

ಉತ್ತರ ತಿಂಗಳ ಹಿಂದೆಯೇ ಸಿದ್ಧವಾಗಿತ್ತು. “ಹಸಿ ಮಣ್ಣು ನೋಡಿ ಮೇಷ್ಟ್ರೇ, ಬರೀ ಕೋಲು ಹೂತ್ಕೊಂಡ್ಬಿಡತ್ತೆ. ಬೂಟು ಹಾಕಿದ್ರೆ ಗಟ್ಟಿಯಾಗಿ ನಿಲ್ಲತ್ತೆ. ಡಾಕ್ಟ್ರು ದಿನಾ ನಡೀಬೇಕು ಅಂದ್ಬಿಟ್ಟಿದಾರಲ್ಲ.”

ಮೇಷ್ಟ್ರು ಬಗ್ಗಿ ನೋಡಿದರು, ಎದ್ದು ನೋಡಿದರು, ಮುಖ ಅರಳಿತು. “ಎಂಥಾ ತಲೆಯಪ್ಪಾ ನಿಂದು! ನನ್ನ ಕೋಲಿಗೂ ಒಂದು ಹಾಕ್ಕೊಡು ಮಾರಾಯ, ಬಚ್ಚಲಲ್ಲಿ ಜಾರತ್ತೆ.” ಬೂಟಣ್ಣ ಆ ಸಂಜೆಯೇ ಒಂದು ಒಳ್ಳೆಯ ರಬ್ಬರ್ ಬೂಟು ಹಾಕಿಕೊಟ್ಟ. ನೋಡಿದವನನ್ನೇ ಗಿರಾಕಿ ಮಾಡಿಕೊಳ್ಳುವ ಅಪರಾಧಿ ಇನ್ನೆಲ್ಲಿದ್ದಾನು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಇಷ್ಟಾದ ಮೇಲೆ ಒಂದು ವಿಚಿತ್ರ ನಡೆಯಿತು. ಜನ ನಿಜವಾಗಿಯೂ ಈ ಕಡೆ ಬರತೊಡಗಿದರು. ಮಣ್ಣಿನ ಮೇಲೆ ಅಷ್ಟು ಹೆಜ್ಜೆ ಕಂಡರೆ ಯಾರಿಗೆ ತಾನೆ ಕುತೂಹಲವಾಗುವುದಿಲ್ಲ? ಎಲ್ಲರೂ ಈ ಕಡೆ ಹೋಗುತ್ತಿದ್ದಾರೆ, ಏನೋ ಅನುಕೂಲ ಇರಬೇಕು ಎಂದು ಒಬ್ಬೊಬ್ಬರೇ ತಿರುಗಿದರು. ತಿರುಗಿದವರು ಅಂಗಡಿಗೂ ಇಣುಕಿದರು. ಬಹಳ ದಿನಗಳ ನಂತರ ಬೂಟಣ್ಣ ಒಂದು ಸಂಜೆ ನಾಲ್ಕು ಜನರನ್ನು ಕೂರಿಸಿ ಒಬ್ಬರಾದ ಮೇಲೊಬ್ಬರ ಪಾದ ಹಿಡಿದ. ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲಿಗೆ ಕೋಲುಗಳನ್ನು ಅಟ್ಟಕ್ಕೆ ಎಸೆದಿದ್ದರೆ ಆಗುತ್ತಿತ್ತು. ಆದರೆ ಕೈ ತುರಿಸುತ್ತಿತ್ತಲ್ಲ. ಮಂಡಿನೋವು ಇದ್ದಕ್ಕಿದ್ದಂತೆ ವಾಸಿಯಾದರೆ ಜನ ಏನೆಂದುಕೊಂಡಾರು ಎಂದು ತನಗೆ ತಾನೇ ನೆಪ ಹೇಳಿಕೊಂಡು ನಡೆದೇ ನಡೆದ.

ಕಡೆಯ ದಿನ. ಸಂಜೆ ಮೈದಾನದಲ್ಲೇ ಸಭೆ, ಎಲ್ಲರೆದುರು ಕಡೆಯ ಎಣಿಕೆ, ಅಲ್ಲೇ ಘೋಷಣೆ. ಬೂಟಣ್ಣನಿಗೆ ಬೆಳಗಿನಿಂದಲೇ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ದಿನ ಏನಾದರೂ ವಿಶೇಷ ಬೇಕು ಎನ್ನಿಸಿತು. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆ ಎಳೆದಾಗ ಬಣ್ಣದ ಕಾಗದ ಕಂಡಿತು. ಬಾತುಕೋಳಿ ಬೂಟು! ಆಹಾ, ಬಡಾವಣೆಯ ಅತಿ ಪುಟ್ಟ ನಿವಾಸಿ ಈ ದಾರಿಯನ್ನು ಆರಿಸಿಕೊಂಡಿತು ಎಂದರೆ ಮೇಡಂ ಕರಗಿ ನೀರಾಗಿಬಿಡುತ್ತಾರೆ. ಮರದ ಪಾದ ದೊಡ್ಡದಾಯಿತು, ಅದನ್ನು ಕೆತ್ತಿ ಕೆತ್ತಿ ಸಣ್ಣದು ಮಾಡಿ ಬೂಟು ಏರಿಸಿದ. ಬೇರೆಯವರು ತುಳಿದು ಕೆಡಿಸದಂತೆ ಮಣ್ಣಿನ ಅಂಚನ್ನೇ ಹಿಡಿದು, ತಾನು ಅಂಚಿನಾಚೆ ಹುಲ್ಲಿನ ಮೇಲೆ ನಡೆಯುತ್ತ, ಮೈದಾನದ ನಡುವಿನಿಂದ ಸಂದಿಯವರೆಗೆ ಎಡ, ಬಲ, ಎಡ, ಬಲ ಎಂದು ಬಾತುಕೋಳಿಗಳನ್ನು ಒತ್ತಿದ. ತಿರುಗಿ ನೋಡಿದಾಗ ಅವನ ಕಣ್ಣೇ ತೇವವಾಯಿತು. ಇದಕ್ಕಿಂತ ಅಚ್ಚುಕಟ್ಟಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮಣ್ಣು ಒರೆಸಿ ಬೂಟನ್ನು ಮತ್ತೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಸಂಜೆ ಬಡಾವಣೆಯೇ ಬಂದು ಸೇರಿತು. ಮಂಡಿನೋವಿನವನೆಂದು ಬೂಟಣ್ಣನಿಗೆ ಮಣ್ಣಿನ ಪಕ್ಕದಲ್ಲೇ ಕುರ್ಚಿ ಸಿಕ್ಕಿತು. ಕೋಲುಗಳನ್ನು ಕುರ್ಚಿಗೆ ಒರಗಿಸಿದ. ಎದುರುಗಡೆ ತಮ್ಮ, ತಮ್ಮನ ಹೆಂಡತಿ, ಅವಳ ಸೊಂಟದ ಮೇಲೆ ಪುಟ್ಟಿ. ತಮ್ಮನ ಮುಖ ಬಾಡಿಹೋಗಿತ್ತು. ಅಯ್ಯೋ ಎನ್ನಿಸಿತು, ಎನ್ನಿಸಿದ್ದನ್ನು ಬೂಟಣ್ಣ ತಕ್ಷಣ ನುಂಗಿಕೊಂಡ.

ಎಂಜಿನಿಯರ್ ಟೇಪು ಹಿಡಿದು ನಿಂತಿದ್ದ. ಮೇಡಂ ಕಾಗದ ಮಡಿಸಿ, “ನಿಮಗೊಂದು ಮಾತು ಹೇಳ್ಬೇಕು” ಎಂದರು. “ಹೋದ ವಾರದಿಂದ ಮಕ್ಕಳ ಲೆಕ್ಕ ಬಿಟ್ಟು ನೋಡಿದ್ರೂ ಈ ಕಡೆ ಸಂದಿನೇ ಮುಂದೆ ಇದೆ. ಜನ ತಾವಾಗೇ ತಿರುಗಿದಾರೆ. ನಗರಸಭೆ, ಕಾಲೇಜು, ಸಂಘ, ನಾವು ಮೂರೂ ಜನ ರುಜು ಹಾಕೋದೊಂದೇ ಬಾಕಿ. ಅದಕ್ಕೆ ಮುಂಚೆ ಒಂದು ಆಸೆ.” ಅವರು ಅಂಚಿನ ಕಡೆ ಕೈ ತೋರಿಸಿದರು. ಮುಖ ಸಣ್ಣ ಹುಡುಗಿಯ ಹಾಗೆ ಅರಳಿತ್ತು. “ಈ ಬಾತುಕೋಳಿ ಹೆಜ್ಜೆ ಯಾರ ಮನೆ ಮಗೂದು? ಈ ದಾರಿಗೆ ಮೊದಲನೇ ಕಲ್ಲು ಆ ಮಗು ಕೈಲೇ ಇಡಿಸ್ಬೇಕು.”

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೈ ಎತ್ತಲಿಲ್ಲ.

“ಈ ಥರ ಬೂಟು ಎಲ್ಲಿ ಸಿಗತ್ತೆ?” ಎಂದ ಎಂಜಿನಿಯರ್.

“ನಮ್ಮಲ್ಲೇ ಸ್ವಾಮಿ! ಬೇರೆ ಎಲ್ಲಿ ಹುಡುಕಿದ್ರೂ ಸಿಗಲ್ಲ!” ಬೂಟಣ್ಣನ ಬಾಯಿ ಅವನ ಅಪ್ಪಣೆಗೆ ಕಾಯದೆ ಹೇಳಿಬಿಟ್ಟಿತು.

“ಹಾಗಾದ್ರೆ ಯಾರಿಗೆ ಕೊಟ್ರಿ?”

ಬೂಟಣ್ಣ ಚೀಲವನ್ನು ತೊಡೆಗೆ ಅವುಚಿಕೊಂಡ. ಆಮೇಲೆ ಎಂಥ ಉಪಾಯ ಹೊಳೆಯಿತೆಂದರೆ, ಅದರ ಅಂದಕ್ಕೆ ಅವನೇ ಬೆರಗಾದ. “ನಮ್ಮ ಪುಟ್ಟಿಗೆ” ಎಂದ. “ನನ್ನ ತಮ್ಮನ ಮಗಳಿಗೆ. ಮಧ್ಯಾಹ್ನ ನಾನೇ ಕರ್ಕೊಂಡು ಬಂದಿದ್ದೆ. ಹಾಕಿ ನಡೆಸಿದ್ದೆ.”

ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು. ಗಂಡ ಕದ್ದುಮುಚ್ಚಿ ಮಗುವನ್ನು ನೋಡುತ್ತಿದ್ದಾನೆ ಎಂದು ಅವಳು ನಂಬಿಬಿಟ್ಟಳು. ತಮ್ಮನ ಹೆಂಡತಿ ಗಂಡನ ಮುಖ ನೋಡಿದಳು. ಮಧ್ಯಾಹ್ನವೆಲ್ಲ ಪುಟ್ಟಿ ತಮ್ಮ ಮನೆಯಲ್ಲೇ ಮಲಗಿದ್ದಳೆಂದು ಇಬ್ಬರಿಗೂ ಗೊತ್ತಿತ್ತು.

“ಹೌದು” ಎಂದ ತಮ್ಮ. “ಅಣ್ಣನೇ ಕರ್ಕೊಂಡು ಬಂದಿದ್ದ.”

ಬೂಟಣ್ಣ ತಮ್ಮನನ್ನು ಬಿಟ್ಟಕಣ್ಣು ಬಿಟ್ಟು ನೋಡಿದ. ಅವನ ಕೈಯಿಂದ ದಾರಿ ಹೋಗುತ್ತಿದೆ, ಗಿರಾಕಿಗಳು ಹೋಗುತ್ತಿದ್ದಾರೆ, ಆದರೂ ಈ ಪ್ರಾಣಿ ಊರೆದುರು ಅಣ್ಣನ ಮಾನ ಕಾಯುತ್ತಿದೆ. ಎಷ್ಟಾದರೂ ಒಡಹುಟ್ಟಿದವನು! ಕೋಲುಗಳ ನೆನಪೂ ಇಲ್ಲದೆ ಎದ್ದು ಹೋಗಿ ಚೀಲದಿಂದ ಕಾಗದದ ಪೊಟ್ಟಣ ತೆಗೆದ. ಪುಟ್ಟಿಯನ್ನು ತಾಯಿಯ ಸೊಂಟದ ಮೇಲಿದ್ದ ಹಾಗೆಯೇ ಹಿಡಿದು, ಕಾಲಿಗೆ ಬೂಟು ಏರಿಸಿದ. ಪಟ್ಟೆಂದು ಕೂತವು. ಪುಟ್ಟಿ ಅಳಲಿಲ್ಲ, ಅವನ ಮೀಸೆ ಹಿಡಿದು ಎಳೆದಳು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮೂಗು ಒರೆಸಿಕೊಂಡರು. ದಾರಿಯೂ ಬಂತು, ತಮ್ಮನೂ ಬಂದ, ಮಗುವೂ ಬಂತು, ಒಂದೇ ಏಟಿಗೆ! ನಾಳೆ ಬೆಳಿಗ್ಗೆಯೇ ತಮ್ಮನನ್ನು ಕರೆದು ಎರಡೂ ಅಂಗಡಿಯನ್ನು ಒಂದು ಮಾಡಿಬಿಡಬೇಕು ಎಂದು ಬೂಟಣ್ಣ ಅಲ್ಲೇ ನಿಶ್ಚಯಿಸಿದ. ಮನಸ್ಸು ಗಾಳಿಪಟವಾಗಿತ್ತು.

“ಮಧ್ಯಾಹ್ನ ನಡೆದ ಹಾಗೇ ಒಂದ್ಸಲ ನಡೆಸಿ, ನಾವೂ ನೋಡೋಣ” ಎಂದರು ಮೇಡಂ.

“ಅದಕ್ಕೇನಂತೆ!” ಎಂದು ಬೂಟಣ್ಣ ತಾನೇ ಪುಟ್ಟಿಯನ್ನು ಎತ್ತಿ, ಅಂಚಿನ ಮೊದಲ ಬಾತುಕೋಳಿಯ ಪಕ್ಕದಲ್ಲಿ, ಹೊಸ ಮಣ್ಣಿನ ಮೇಲೆ ಇಳಿಸಿ ಕೈ ಬಿಟ್ಟ.

ಪುಟ್ಟಿ ತೂಗಾಡಿ ನಿಂತಳು. ಒಂದು ಹೆಜ್ಜೆ ಇಟ್ಟಳು, ಅಂಗೈ ಅಗಲದಷ್ಟು ಮುಂದೆ. ಇನ್ನೊಂದು ಇಟ್ಟಳು, ಅದಕ್ಕೆ ಅಂಟಿಕೊಂಡಂತೆ. ಮತ್ತೊಂದು, ಮಗದೊಂದು, ಟಪ ಟಪ ಟಪ. ಬೂಟಣ್ಣ ಹುಟ್ಟಿದಾಗಿನಿಂದ ಇಂಥ ಸಾವಿರ ಪಾದ ಹಿಡಿದಿದ್ದ, ಆದರೆ ಆ ಮಕ್ಕಳೆಲ್ಲ ಅಂಗಡಿಗೆ ಸೊಂಟದ ಮೇಲೆ ಬಂದು, ತೊಡೆಯ ಮೇಲೆ ಕೂತು ಬೂಟು ಹಾಕಿಸಿಕೊಂಡು, ಸೊಂಟದ ಮೇಲೇ ಹೋಗಿದ್ದವು. ಇಷ್ಟು ಚಿಕ್ಕ ಮಗು ನಡೆಯುವುದನ್ನು ಅವನು ನೋಡುತ್ತಿದ್ದುದು ಇದೇ ಮೊದಲು. ಪುಟ್ಟಿ ದಣಿದು ತೊಪ್ಪೆಂದು ಕೂತು ಕೇಕೆ ಹಾಕಿ ನಕ್ಕಳು. ಅವಳ ಹಿಂದೆ ಬಾತುಕೋಳಿಗಳ ಒಂದು ಹಿಂಡೇ ಸಾಲಾಗಿ ನಿಂತಿತ್ತು, ಮತ್ತು ಅವಳಿನ್ನೂ ಬೂಟಣ್ಣನ ಎರಡನೇ ಬಾತುಕೋಳಿಯನ್ನು ಮುಟ್ಟಿರಲಿಲ್ಲ. ಎಂಜಿನಿಯರ್ ಬಗ್ಗಿ, ಮಧ್ಯಾಹ್ನದ ಒಂದು ಬಾತುಕೋಳಿಯಿಂದ ಇನ್ನೊಂದಕ್ಕೆ ಟೇಪು ಎಳೆದ. ಟೇಪು ಎಳೆದಷ್ಟೂ ಬಂತು, ದೊಡ್ಡ ಗಂಡಸಿನ ಹೆಜ್ಜೆಯಷ್ಟು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ರಬ್ಬರ್ ಬೂಟು ಹಾಕಿದ್ದ ತಮ್ಮ ಕೋಲನ್ನು ನಿಧಾನವಾಗಿ ಮೇಲೆತ್ತಿ ಅದರ ತುದಿಯನ್ನು ನೋಡಿದರು, ಆಮೇಲೆ ಖಾಲಿ ಕುರ್ಚಿಗೆ ಒರಗಿದ್ದ ಎರಡು ಕೋಲುಗಳ ತುದಿಯಲ್ಲಿ ಕೆತ್ತಿ ಕೆತ್ತಿ ಸಣ್ಣದಾಗಿದ್ದ ಮರದ ಪಾದಗಳನ್ನು ನೋಡಿದರು.